ಬಣ್ಣದ ನೀರನ್ನೂ ಸೋಸುತ್ತಿದ್ದವರು

ರಾಜಮತಿ ಚೌಗಲೆಯವರು ಕುಡಿಯುವ ನೀರನ್ನಷ್ಟೇ ಅಲ್ಲ, ಬಣ್ಣ ಕಲಸುವ ನೀರನ್ನೂ ಬಟ್ಟೆಯಲ್ಲಿ ಸೋಸಿಯೇ ಬಳಸುತ್ತಿದ್ದರು. ಅಥಣಿಯ ಹೆಣ್ಣುಮಕ್ಕಳ ಪ್ರೌಢಶಾಲೆಯಲ್ಲಿ ಅವರು ಚಿತ್ರಕಲೆಯನ್ನೂ ನಾನು ಕನ್ನಡವನ್ನೂ ಕಲಿಸಿದ ಹದಿನಾಲ್ಕು ವರ್ಷಗಳಲ್ಲಿ ಈ ನೇಮ ಒಮ್ಮೆಯೂ ತಪ್ಪಿದ್ದನ್ನು ಕಾಣೆ. ‘ಬಣ್ಣದ ನೀರಿಗೆ ಯಾಕ್ರಿ ಇಷ್ಟು ಮಡಿ?’ ಎಂದು ಕೇಳಿದರೆ, ಬಟ್ಟೆಯನ್ನು ಹಿಂಡದೆ ಮೆಲ್ಲಗೆ ಮಗುಚುತ್ತ, ‘ನಾ ಕುಡೀತೀನೋ ಬಣ್ಣಾ ಕಲಸ್ತೀನೋ, ನೀರಾಗಿನ ಜೀವಕ್ಕ ಏನ್ ಗೊತ್ತ್ರಿ?’ ಎನ್ನುವರು. ಪ್ರಾಣಿಗಳ ಕೂದಲಿನ ಕುಂಚವನ್ನು ಅವರು ಮುಟ್ಟುತ್ತಿರಲಿಲ್ಲ. ಈಚಲ ಕಡ್ಡಿಯನ್ನು ನೆನೆಹಾಕಿ, ತುದಿ ಜಜ್ಜಿ ನಾರು ಬಿಡಿಸಿ ತಾವೇ ಕುಂಚ ಮಾಡಿಕೊಳ್ಳುತ್ತಿದ್ದರು. ಅದರ ಗೆರೆ ತುಸು ಒರಟು. ಆದರೆ ನೂರು ಚಿತ್ರಗಳ ನಡುವೆ ಇಟ್ಟರೂ ಗುರುತಿಸಬಹುದಾದ ಗೆರೆ.

ಕಾಗವಾಡದ ಬಳಿ ತಲೆಮಾರುಗಳಿಂದ ಕಬ್ಬು, ದ್ರಾಕ್ಷಿ ಬೆಳೆದ ಜೈನ ಮನೆತನ ಅವರದು. ಮದುವೆ ಬೇಡವೆಂದು ಹಟ ಹಿಡಿದು ನೌಕರಿಗೆ ಬಂದವರು. ವಾರ ವಾರ ಊರೂರು ತಿರುಗುವ ತಂಗಿಯನ್ನು ಕಂಡು ಅಣ್ಣ ಶ್ರೀಪಾಲ ಒಮ್ಮೆ ನನ್ನೆದುರೇ ಸಿಡುಕಿದ್ದ: ‘ಹಿಂಗ ಊರೂರ ತಿರಗಾಕ ನೀ ಏನ ಮುನಿ ಆಗೀಯೇನ?’ ಇವರು ಚೀಲ ಕಟ್ಟುತ್ತಲೇ, ‘ಮುನಿಗಳ ಕೈಯಾಗ ಇಷ್ಟು ಸಾಮಾನ ಇರೂದಿಲ್ಲಣ್ಣಾ’ ಎಂದರು. ಅಣ್ಣನಿಗೂ ನಗು ತಡೆಯಲಾಗಲಿಲ್ಲ.

ಆ ಚೀಲ ಕಟ್ಟುವುದು ಶನಿವಾರ ಶಾಲೆ ಬಿಟ್ಟ ಮೇಲೆ ಶಿಕ್ಷಕರ ಕೋಣೆಯಲ್ಲಿ ನಡೆಯುತ್ತಿದ್ದ ಒಂದು ವಿಧಿ. ಖಾಕಿ ಕ್ಯಾನ್‌ವಾಸಿನಲ್ಲಿ ಅವರೇ ಹೊಲಿದ ಚೀಲ. ಮೊದಲು ಎರಡು ಹಲಗೆಗಳ ನಡುವೆ ಕಾಗದವಿಟ್ಟು ಲಾಡಿಯಿಂದ ಬಿಗಿಯುವರು. ಆಮೇಲೆ ಏಳು ಬಟ್ಟಲಿನ ಉಕ್ಕಿನ ಒಗ್ಗರಣೆ ಡಬ್ಬಿ. ಸಾಸಿವೆ ಜೀರಿಗೆ ಇರಬೇಕಾದ ಬಟ್ಟಲುಗಳಲ್ಲಿ ಒಣಗಿ ಗಟ್ಟಿಯಾದ ಬಣ್ಣಗಳಿರುತ್ತಿದ್ದವು. ಬಸ್ಸಿನ ಕುಲುಕಾಟಕ್ಕೆ ಚೆಲ್ಲದ ಬಣ್ಣದ ಪೆಟ್ಟಿಗೆ ಇದೊಂದೇ ಎಂಬುದು ಅವರ ಸಂಶೋಧನೆ. ಕುಂಚಗಳು ಬಿದಿರಿನ ಕೊಳವೆಯೊಳಗೆ, ಸೋಸಿದ ನೀರು ಬಾಟಲಿಯಲ್ಲಿ, ಕೂರಲು ಮಡಿಸಿದ ಗೋಣಿತಾಟು, ಎಲ್ಲಕ್ಕೂ ಮೇಲೆ ಚಪಾತಿಯ ಗಂಟು. ಹೊತ್ತು ಮುಳುಗುವ ಮುನ್ನ ಊಟ ಮುಗಿಯಬೇಕಲ್ಲ! ಇಷ್ಟನ್ನು ಹೊತ್ತು ಹೊತ್ತು ಎಡಭುಜ ತಗ್ಗಿಹೋಗಿ, ಚೀಲವಿಲ್ಲದ ದಿನವೂ ಅವರು ಎಡಕ್ಕೆ ವಾಲಿಯೇ ನಡೆಯುತ್ತಿದ್ದರು.

೧೯೮೬ರ ಬೇಸಿಗೆ ರಜೆಯಲ್ಲಿ ಅವರು ನಿಪ್ಪಾಣಿಗೆ ಹೋದರು. ತಂಬಾಕು ದಾಸ್ತಾನಿಡುವ ವಖಾರಿಯೊಂದರ ಬಾಗಿಲೆದುರು, ಬೇವಿನ ನೆರಳಲ್ಲಿ ಗೋಣಿತಾಟು ಹಾಸಿ ಕುಳಿತರು. ಒಳಗೆ ಹೆಂಗಸರು ಮುಖಕ್ಕೆ ಸೆರಗು ಸುತ್ತಿಕೊಂಡು ತಂಬಾಕು ಜರಡಿ ಹಿಡಿಯುತ್ತಿದ್ದರು. ಅವರಲ್ಲೊಬ್ಬಳು ಗಂಗೂಬಾಯಿ, ಅವಳ ಪಕ್ಕದ ಚೀಲಗಳ ಮೇಲೆ ಅವಳ ಕೂಸು ಕಂದು ಧೂಳು ಮೆತ್ತಿಕೊಂಡು ನಿದ್ರಿಸುತ್ತಿತ್ತು. ರಾಜಮತಿಯವರು ಅದನ್ನು ಬರೆದು ತಂದರು. ಅಂಥ ಚಿತ್ರವನ್ನು ಅವರು ಹಿಂದೆ ಬರೆದಿರಲಿಲ್ಲ, ಮುಂದೆಯೂ ಬರೆಯಲಿಲ್ಲ. ಬೆಳಗಾವಿಯ ಪ್ರದರ್ಶನಕ್ಕೆ ಕಳಿಸಿರೆಂದು ದುಂಬಾಲು ಬಿದ್ದವಳು ನಾನೇ. ಚಿತ್ರಕ್ಕೆ ಬಹುಮಾನ ಬಂತು. ಪತ್ರಿಕೆಯೊಂದರಲ್ಲಿ ಅಚ್ಚೂ ಆಯಿತು.

ಪತ್ರಿಕೆಯ ಆ ತುಣುಕನ್ನು ಗಂಗೂಬಾಯಿಗೆ ತೋರಿಸಬೇಕೆಂದು ನಾವಿಬ್ಬರೂ ಉತ್ಸಾಹದಿಂದ ನಿಪ್ಪಾಣಿಯ ಬಸ್ಸು ಹತ್ತಿದೆವು. ವಖಾರಿಯ ಹೊರಗೆ ಕಂಡ ಹೆಂಗಸರು ಮುಖ ತಿರುಗಿಸಿದರು. ಕೊನೆಗೆ ತುಳಸವ್ವ ಎಂಬ ಮುದುಕಿ, ‘ಪೇಪರದಾಗ ನಿಮ್ಮ ಚಿತ್ರಾ ನೋಡಿ ಸಾವಕಾರ್ರು ವಖಾರಿ ಮಾನಾ ಹೋತಂತ ಭಾಳ ಸಿಟ್ಟಾದ್ರು. ಗಂಗೂನ ಕೆಲಸದಿಂದ ತಗದಾರ್ರಿ’ ಎಂದಳು.

ರಾಜಮತಿಯವರು ನೇರ ಕೆಲಸದವರ ಮೇಲ್ವಿಚಾರಕನಾದ ಮುಕಾದಮನ ಬಳಿಗೆ ನಡೆದರು. ಅವನು ಸುತ್ತಿ ಬಳಸಿ ಮಾತಾಡಲಿಲ್ಲ. ‘ಆ ಚಿತ್ರಾ ತಂದು ನಮ್ಮ ಕೈಯಾಗ ಕೊಡ್ರಿ. ಗಂಗೂಬಾಯೀನ ನಾಳೆ ಕೆಲಸಕ್ಕ ಕರೀತೀವಿ.’ ಆ ವಾರವೇ ಅವರು ಬೆಳಗಾವಿಯಿಂದ ಚಿತ್ರವನ್ನು ವಾಪಸು ತಂದರು; ಮುಂದಿನ ಭಾನುವಾರ ಎರಡು ಹಲಗೆಗಳ ನಡುವಿನಿಂದ ತೆಗೆದು ಅವನ ಕೈಗಿತ್ತರು. ಅವನು ನಮ್ಮೆದುರೇ ಅದನ್ನು ನಾಲ್ಕಾಗಿ ಹರಿದ. ನಾನು ಮುಖ ಮುಚ್ಚಿಕೊಂಡೆ. ಅವರು ಅಲುಗದೆ ನೋಡುತ್ತಿದ್ದರು.

ಸುದ್ದಿ ಹೇಳಲು ಗಂಗೂಬಾಯಿಯ ಮನೆಗೆ ಹೋದೆವು. ಆಕೆ ಕೈಮುಗಿದಾಳೆಂದು ನಾನು ನಿರೀಕ್ಷಿಸಿದ್ದೆ. ನಡೆದದ್ದನ್ನೆಲ್ಲ ಕೇಳಿಸಿಕೊಂಡ ಆಕೆ ಬಾಗಿಲ ಚೌಕಟ್ಟು ಹಿಡಿದು ನಿಂತು ಕೇಳಿದಳು: ‘ಹರದ್ರೇನ್ರಿ? ಪೂರ್ತಿ?’

‘ಹೌದವ್ವ. ನಿನ್ನ ಕೆಲಸಾ ಉಳೀತಲ್ಲ’ ಎಂದರು ರಾಜಮತಿಯವರು.

‘ಕೆಲಸಾ ಉಳೀತ್ರಿ. ಆದ್ರ ನನ್ನ ಕೂಸಿನ ಮಾರಿ ಅದರಾಗ ಇತ್ತಲ್ಲ? ತಗೊಂಡು ಹೋಗಬೇಕಾದ್ರ ನನ್ನ ಕೇಳಲಿಲ್ಲ. ಕೊಟ್ಟು ಬರಬೇಕಾದ್ರೂ ಕೇಳಲಿಲ್ಲ. ಹೌದಲ್ರಿ ಅಕ್ಕಾರ?’

ಆ ಮಾತಿನಲ್ಲಿ ಸಿಟ್ಟಿರಲಿಲ್ಲ. ಬಸ್ಸು ಚಿಕ್ಕೋಡಿ ದಾಟಿದ ಮೇಲೆ ರಾಜಮತಿಯವರು ಕಿಟಕಿಯತ್ತಲೇ ನೋಡುತ್ತ, ‘ನೀರಾಗಿನ ಜೀವದ್ದು ಕಾಳಜಿ ಮಾಡಿದೆ, ಎದುರಿಗಿದ್ದ ಮನಷ್ಯಾಳನ್ನ ಮರತೆ ನೋಡ್ರಿ’ ಎಂದರು. ಅವರ ಕಣ್ಣು ತುಂಬಿದ್ದನ್ನು ನಾನು ಕಂಡದ್ದು ಅದೊಂದೇ ಸಲ.

ಹದಿನೈದು ದಿನ ಬಿಟ್ಟು ಮತ್ತೆ ಹೋದರು; ಜೊತೆಗೆ ನಾನೂ. ಈ ಸಲ ಗಂಗೂಬಾಯಿಯ ಅಂಗಳದಲ್ಲಿ ನಿಂತು, ‘ಕೂಸಿನ ಚಿತ್ರಾ ತೆಗೀಲೇನವ್ವಾ?’ ಎಂದು ಕೇಳಿದರು. ಆಕೆ ಕೂಸಿನತ್ತ ನೋಡಿ, ‘ತೆಗೀರಿ. ಆದ್ರ ಮೈಮ್ಯಾಲ ಧೂಳ ಬ್ಯಾಡ’ ಎಂದಳು. ಕೂಸನ್ನು ಮೀಯಿಸಿ, ಕೆಂಪು ಅಂಗಿ ತೊಡಿಸಿ, ಕಾಡಿಗೆ ತೀಡಿ ಎತ್ತಿ ತಂದಳು. ಅವರು ಹಾಗೆಯೇ ಬರೆದು, ಅಲ್ಲಿಯೇ ಆಕೆಯ ಕೈಗೆ ಕೊಟ್ಟರು. ಮೊದಲಿನ ಚಿತ್ರದ ಸತ್ವ ಇದರಲ್ಲಿಲ್ಲ ಎಂದು ನಾನು ದಾರಿಯಲ್ಲಿ ಗೊಣಗಿದೆ. ‘ಮೊದಲಿಂದು ನಂದ ಇತ್ತ್ರಿ. ಇದು ಆಕೀದು’ ಎಂದು ಅವರು ನನ್ನ ಬಾಯಿ ಮುಚ್ಚಿಸಿದರು.

ಅಂದಿನಿಂದ ಬರೆದ ಚಿತ್ರವನ್ನು ಬರೆಸಿಕೊಂಡವರ ಮನೆಯಲ್ಲೇ ಬಿಟ್ಟು ಬರುವುದು ಅವರ ರೂಢಿಯಾಯಿತು. ತುಂಬಿ ಹೋದ ಚೀಲ ಹಗುರಾಗಿ ಮರಳುತ್ತಿತ್ತು. ಬೇಡವೆಂದವರನ್ನು ಬರೆಯುತ್ತಿರಲಿಲ್ಲ, ಮಂಗಸೂಳಿಯ ಒಬ್ಬ ಪೂಜಾರಿ ಬೇಡವೆಂದಾಗ ದಿನವಿಡೀ ಸುಮ್ಮನೆ ಕುಳಿತು, ಚಪಾತಿ ತಿಂದು, ಸಂತೋಷವಾಗಿಯೇ ಹಿಂತಿರುಗಿದರಂತೆ. ೧೯೯೬ರಲ್ಲಿ ಅವರು ನಿವೃತ್ತರಾದಾಗ ಚಿತ್ರಗಳ ಪ್ರದರ್ಶನ ಮಾಡೋಣವೆಂದು ಮುಖ್ಯೋಪಾಧ್ಯಾಯಿನಿ ಕೇಳಿದರು. ‘ನನ್ನ ಹತ್ರ ಒಂದೂ ಇಲ್ರಿ’ ಎಂದುಬಿಟ್ಟರು. ಬರಿಯ ಗೋಡೆಯ ಮುಂದೆ ಕೂರಿಸಿ ಶಾಲು ಹೊದಿಸಿದೆವು. ನನಗಂತೂ ಸಂಕಟವಾಯಿತು, ಅವರಿಗಾಗಲಿಲ್ಲ.

ಮರುವರ್ಷ ಮದುವೆಯೊಂದಕ್ಕೆಂದು ಅಲಖನೂರಿಗೆ ಹೋಗಿದ್ದೆ. ನೀರು ಕುಡಿಯಲು ಹೊಕ್ಕ ಮನೆಯಲ್ಲಿ, ಸಕ್ಕರೆ ಕಾರ್ಖಾನೆಯ ಕ್ಯಾಲೆಂಡರಿನ ಪಕ್ಕ, ಗಾಜು ಹಾಕಿಸಿದ ಒಬ್ಬ ಮುದುಕಿಯ ಚಿತ್ರ ತೂಗುತ್ತಿತ್ತು. ಈಚಲ ಕುಂಚದ ಆ ಗೆರೆಯನ್ನು ಗುರುತಿಸಲು ನನಗೆ ಕ್ಷಣವೂ ಬೇಕಾಗಲಿಲ್ಲ. ಯಾರು ಬರೆದದ್ದೆಂದು ಮನೆಯ ಸೊಸೆ ಕೆಂಪವ್ವನನ್ನು ಕೇಳಿದೆ. ‘ಹೆಸರ ಗೊತ್ತಿಲ್ರಿ, ಯಾರೋ ಅಕ್ಕಾರು ಬಂದಿದ್ರು. ನಮ್ಮತ್ತಿ ನಕ್ಕರ ಹಿಂಗ ಕಾಣತಿದ್ರು ನೋಡ್ರಿ’ ಎಂದು ಆಕೆ ಗಾಜನ್ನು ಸೆರಗಿನಿಂದ ಒರೆಸಿದಳು.

ಲೋಕದಲ್ಲಿ ಕಲಾವಿದರ ಹೆಸರು ಉಳಿಸುವ ಚಿತ್ರಗಳೇ ಹೆಚ್ಚು. ಅವುಗಳ ಬಗ್ಗೆ ಬರೆಯುವ ನನ್ನಂಥವರೂ ಸಾಕಷ್ಟಿದ್ದಾರೆ. ಆದರೆ ಕೆಲವರು ತಾವು ಕಂಡ ಮುಖವನ್ನು ಆ ಮುಖದವರಿಗೇ ಒಪ್ಪಿಸಿ ಎದ್ದುಹೋಗುತ್ತಾರೆ. ಅವರನ್ನು ಮರೆತ ಮನೆಗಳಲ್ಲಿ ಅವರು ಬರೆದದ್ದು ಅತ್ತೆಯಾಗಿ, ಅಜ್ಜನಾಗಿ, ಕೆಂಪಂಗಿಯ ಕೂಸಾಗಿ ಬಾಳುತ್ತಿರುತ್ತದೆ. ಅದು ಚಿತ್ರವೆಂಬುದೇ ಆ ಮನೆಯವರಿಗೆ ನೆನಪಿರುವುದಿಲ್ಲ.