ಕಾಂಟೆಸ್ಸಾದ ಮುಂದಿನ ಗಾಲಿ

ಘಾಟು ಬಂತು, ತಂಬಾಕು ತುಂಬಿದ ಲಾರಿ ಹೋಗಿರಬೇಕು, ಸೀನು ಮೂಗಿನ ತುದಿಗೆ ಬಂದು ಅಲ್ಲಿಯೇ ನಿಂತಿತು, ಈಗ ಸೀನು ಕೂಡ ನನ್ನ ಮಾತು ಕೇಳುವುದಿಲ್ಲ, ಮೊದಲಾದರೆ ನಾನೊಮ್ಮೆ ಸೀನಿದರೆ ಈ ನಿಪ್ಪಾಣಿ ರಸ್ತೆಯ ಆಚೆ ಬದಿಯವರು ರಾಜಾರಾಮ ಮಿಸ್ತ್ರಿ ಬಂದಾನ ನೋಡ್ರಿ ಅನ್ನುತ್ತಿದ್ದರು — ಟಕ್, ಟಕ್ — ಸಪನಾ ಡ್ರೈವರ್ ಬದಿಯ ಗಾಲಿ ಬಿಚ್ಚಿ ಉರುಳಿಸಿಟ್ಟಳು, ಈಗ ನಟ್ಟಿನ ಪಿನ್ನು ಎಳೆಯುತ್ತಿದ್ದಾಳೆ, ಇಕ್ಕಳ ಹಿಡಿದ ರೀತಿ ಸರಿಯಾಗಿದೆ, ಯಾರು ಕಲಿಸಿದರೋ ನನ್ನ ಮಗಳಿಗೆ, ನಾನಂತೂ ಅಲ್ಲ, ನಾನು ಕಲಿಸಿದ್ದು ಅವಳ ಅಣ್ಣ ರೂಪೇಶನಿಗೆ, ಅವನು ಅಥಣಿಯ ಬಸ್ ಡಿಪೋ ಸೇರಿದ, ಇವಳು ಚಿಕ್ಕೋಡಿಯ ಶೋರೂಮಿನಲ್ಲಿ ನಾಲ್ಕು ವರ್ಷ ಬೈಕುಗಳನ್ನು ಬಿಚ್ಚಿ ಜೋಡಿಸಿದಳು, ಶ್ರಾವಣದಲ್ಲಿ ನಾನು ಇದೇ ಗ್ಯಾರೇಜಿನ ನೆಲದ ಮೇಲೆ ನಟ್ಟು ತಿರುಗಿಸುವ ಪಾನಾ ಹಿಡಿದುಕೊಂಡೇ ಬಿದ್ದ ಮೇಲೆ ಅದನ್ನು ಬಿಟ್ಟು ಬಂದು ನನ್ನ ಖಾಕಿ ಅಂಗಿ ತೊಟ್ಟಳು, ತೋಳು ಎರಡು ಮಡಿಕೆ ಮಡಚಬೇಕು ಅವಳಿಗೆ. ನನ್ನನ್ನು ಕಾರಿನ ಮುಂದೆ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರಿಸಿದ್ದಾರೆ, ಜಾರಬಾರದೆಂದು ಸುಂದ್ರವ್ವ ತನ್ನ ಹಳೆಯ ಸೀರೆಯಿಂದ ಸೊಂಟ ಬಿಗಿದಿದ್ದಾಳೆ, ಮೂವತ್ತೈದು ವರ್ಷದ ಸಂಸಾರದಲ್ಲಿ ಅವಳು ಗಂಡನನ್ನು ಕಟ್ಟಿಹಾಕಿದ್ದು ಇದೇ ಮೊದಲು, ಬಲಗೈ ತೊಡೆಯ ಮೇಲಿದೆಯಂತೆ, ಬಲಗಾಲು ಚಪ್ಪಲಿಯಲ್ಲಿದೆಯಂತೆ, ಅವರು ಹೇಳಬೇಕು, ನಾನು ಒಪ್ಪಬೇಕು, ಕತ್ತು ಕೂಡ ಇದ್ದಲ್ಲೇ ಬಿಗಿದುಕೊಂಡಿದೆ. ಹೋಗಲಿ, ಎದುರಿಗೆ ಕಾಂಟೆಸ್ಸಾ ಇದೆ, ಬಿಳಿಯದು, ಸದಲಗಾದ ದಾದಾಸಾಹೇಬರು ಹೊಸದಾಗಿ ತಂದ ದಿನದಿಂದ ನನ್ನದೇ ಕೈ ಇದಕ್ಕೆ, ಒಂದೊಂದು ಬೋಲ್ಟೂ ಗೊತ್ತು, ದಾದಾಸಾಹೇಬರು ಹೋದರು, ಮಗ ಅಭಿನಂದನ ಇದನ್ನು ಗುಜರಿಗೆ ಹಾಕದೆ ಇಟ್ಟುಕೊಂಡ, ಮೊನ್ನೆ ಬಂದು ನನ್ನ ಮುಂದೆ ಕುಕ್ಕರುಗಾಲಲ್ಲಿ ಕೂತ, ಮಾಮಾ, ತಿರುವಿನ್ಯಾಗ ಮುಂದ ಟಕ್ ಟಕ್ ಅಂತೈತಿ, ನಿಮಗ ಆರಾಮಿಲ್ಲ, ಕೊಲ್ಹಾಪುರಕ್ಕ ಒಯ್ಯಲಿ ಏನ ಮತ್ತ. ಬಾಲ್ ಜಾಯಿಂಟ್ ಸವೆದಿದೆ, ಗಾಲಿ ತಿರುಗುವುದು ಅದೊಂದು ಗುಂಡಿನ ಮೇಲೆ, ಬಟ್ಟಲಲ್ಲಿ ಗುಂಡು ಕೂತಂತೆ, ಗ್ರೀಸು ಒಣಗಿ ಗುಂಡು ಸವೆದರೆ ಓಡುತ್ತಿರುವಾಗಲೇ ಗಾಲಿ ಕಿತ್ತು ಮಲಗುತ್ತದೆ, ಅದನ್ನು ಬದಲಿಸುವವರೆಗೆ ಓಡಿಸಬೇಡ — ಇಷ್ಟು ಹೇಳಲು ಬಾಯಿ ತೆರೆದೆ, ಬಂದದ್ದು ಚಹಾ. ಚಹಾ ಅಂದೆ. ಅವನು ಸುಂದ್ರವ್ವನ ಕಡೆ ನೋಡಿದ. ಎಲ್ಲ ಮಾತೂ ಒಳಗಿವೆ, ಒಂದೂ ಕಳೆದಿಲ್ಲ, ಬಾಗಿಲಿಗೆ ಬರುವಾಗ ಮಾತ್ರ ಎಲ್ಲವೂ ಚಹಾ ಆಗಿ ಬರುತ್ತವೆ, ನೀರು ಬೇಕೆಂದರೂ ಚಹಾ, ಸಾಕೆಂದರೂ ಚಹಾ, ಅವ್ವ ನೆನಪಾದಾಗಲೂ ಚಹಾ. ಸಪನಾ ಒರೆಸುವ ಅರಿವೆ ಹೆಗಲಿಗೆ ಹಾಕಿಕೊಂಡು ಅಂದಳು, ಗಾಡಿ ಇಲ್ಲೇ ಬಿಡ್ರಿ ಅಣ್ಣಾ, ನಾ ಮಾಡ್ತೀನಿ, ನನ್ನ ಕೈಲೆ ಆಗಲಿಲ್ಲಂದ್ರ ಆಮ್ಯಾಲ ಒಯ್ರಿ.

ಪಿನ್ನು ಬಂತು. ಈಗ ನಟ್ಟು. ಕಾರು ಎರಡು ಸ್ಟ್ಯಾಂಡುಗಳ ಮೇಲೆ ಗಟ್ಟಿಯಾಗಿ ನಿಂತಿದೆ, ಅದು ಸರಿ, ಆದರೆ ಆರ್ಮು, ಗಾಲಿಯನ್ನು ಹಿಡಿದಿರುವ ಕೆಳಗಿನ ಕಬ್ಬಿಣದ ತೋಳು, ಅದರ ಕೆಳಗೆ ಜಾಕ್ ಎಲ್ಲಿ. ನಾನು ನೋಡುತ್ತಿದ್ದೇನೆ, ನಟ್ಟಿನಿಂದ ಆರ್ಮು ನನ್ನ ಬಲಕ್ಕೆ, ಕಾರಿನ ಒಳಗೆ ಹೋಗುತ್ತದೆ, ಅದರ ಮೇಲೆ ಸ್ಪ್ರಿಂಗು, ಕೆಳಗೆ ಬಯಲು, ಬರೀ ನೆಲ, ಎಣ್ಣೆಯ ಕಲೆ. ಜಾಕ್ ಇಡೇ. ಸ್ಪ್ರಿಂಗು ಸುಮ್ಮನೆ ಕೂತಂತೆ ಕಾಣುತ್ತದೆ, ಸುಮ್ಮನೆ ಕೂತಿಲ್ಲ, ಕಾರಿನ ಭಾರ ಹೊರುವಷ್ಟು ಬಲ ಅದುಮಿಟ್ಟುಕೊಂಡಿದೆ, ಆ ಒಂದು ಜಾಯಿಂಟು ಅದನ್ನು ಹಿಡಿದಿದೆ, ನಟ್ಟು ತೆಗೆದು ಬಡಿದರೆ ಜಾಯಿಂಟು ಬಿಡುತ್ತದೆ, ಆರ್ಮು ಕೆಳಗೆ ಬಡಿಯುತ್ತದೆ, ಸ್ಪ್ರಿಂಗು ಹಾರುತ್ತದೆ, ಎದುರಿಗೆ ಯಾರ ಮುಖ ಇದ್ದರೆ ಅವರದು. ಕುಡಚಿ ಸ್ಟೇಷನ್ನಿನ ಹಿಂದಿನ ಗ್ಯಾರೇಜಿನಲ್ಲಿ ನನ್ನ ಉಸ್ತಾದರು, ದಸ್ತಗೀರಸಾಬರು, ಅಷ್ಟು ತಿಳಿದವರು, ಒಂದು ಮಧ್ಯಾಹ್ನ ನಮಾಜಿಗೆ ಹೊತ್ತಾಯಿತೆಂದು ಅವಸರ ಮಾಡಿದರು, ನಾನು ಹಿಂದೆ ತಿರುಗಿ ಪಾನಾ ಹುಡುಕುತ್ತಿದ್ದೆ, ಸದ್ದು ಕೇಳಿತು, ತಗಡಿಗೆ ಸ್ಪ್ರಿಂಗು ಬಡಿದ ಸದ್ದು, ತಿರುಗಿದರೆ ದವಡೆ ಇದ್ದಲ್ಲಿ ದವಡೆ ಇಲ್ಲ, ಮಣ್ಣಿನಲ್ಲಿ ಹಲ್ಲು — ಸಪನಾ, ಜಾಕ್ ಇಡು. ಬೈಕಿನಲ್ಲಿ ಇಂಥ ಸ್ಪ್ರಿಂಗಿಲ್ಲ ಮಗಳೇ, ನಿನಗೆ ಗೊತ್ತಿಲ್ಲ. ಚಹಾ ಅಂದೆ. ತಡಿ ಅಪ್ಪಾ, ಇದೊಂದು ಆಗ್ಲಿ. ಚಹಾ, ಚಹಾ. ಎವ್ವಾ, ಅಪ್ಪಗ ಚಹಾ ಬೇಕಂತ ನೋಡ. ಹಿಂದಿನ ಮನೆಯಿಂದ ಸುಂದ್ರವ್ವನ ದನಿ, ಈಗರೆ ಕುಡದಾರಲ್ಲ, ಮತ್ತ ಚಹಾ, ಇರ್ಲಿ ಇಡ್ತೀನಿ. ಇಡಬೇಡವೇ, ಬಂದು ಮಗಳ ಕೈ ಹಿಡಿಯೇ. ಪಾನಾ ತಿರುಗುತ್ತಿದೆ, ನಟ್ಟು ಒಂದೊಂದೇ ಸುತ್ತು ಇಳಿಯುತ್ತಿದೆ, ತುಕ್ಕು ಉದುರುತ್ತಿದೆ, ಎಡಗೈ ಎತ್ತಿದೆ, ಎಡಗೈಗಾದರೂ ಜೀವ ಇದೆ, ಕಾರಿನ ಕಡೆ ತೋರಿಸಿದೆ, ಅವಳು ನಕ್ಕಳು, ಹೌದ ಹೌದ ಅಪ್ಪಾ, ಬಿಡಾಕತ್ತೈತಿ ನೋಡ. ಬಿಡುತ್ತಿದೆ ಅಂತಲೇ ನಾನು ಸಾಯುತ್ತಿರುವುದು. ಚಪ್ಪಲಿ ಎಸೆಯೋಣವೆಂದರೆ ಎಡಗಾಲಿನ ಚಪ್ಪಲಿ ಕಾಲಿಗೇ ಕಚ್ಚಿಕೊಂಡಿದೆ, ಕುರ್ಚಿ ಉರುಳಿಸೋಣವೆಂದು ಮೈ ಎಸೆದೆ, ಸೀರೆಯ ಗಂಟು ಸೊಂಟವನ್ನು ಹಿಂದಕ್ಕೆ ಎಳೆಯಿತು, ಕಾಲು ಒಂದಿಷ್ಟು ಕೆರೆಯಿತು, ಅಷ್ಟೇ. ಅವಳು ಸುತ್ತಿಗೆ ತೆಗೆದುಕೊಂಡಳು. ಮುಖ ಹತ್ತಿರ ಒಯ್ದಳು, ಕಣ್ಣು ಕಿರಿದು ಮಾಡಿ ನೋಡುತ್ತಾಳೆ, ಕಿವಿಯಲ್ಲಿ ಅವಳವ್ವನ ಸಣ್ಣ ಓಲೆ, ದವಡೆಯ ಮೇಲೆ ಬೆವರು, ಆರ್ಮಿನ ಕೆಳಗೆ ಬಯಲು. ಟಕ್. ಚಹಾ. ಟಕ್. ಚಹಾ ಚಹಾ ಚಹಾ. ಏನಾತಪಾ ಇವತ್ತ ನಿನಗ. ಟಕ್ — ಬಿಟ್ಟಿತು, ಆ ಸದ್ದು ನನಗೆ ಗೊತ್ತು, ಜಾಯಿಂಟು ಬಿಡುವ ಸದ್ದು, ಕಣ್ಣು ಮುಚ್ಚಿದೆ.

ತಗಡಿನ ಸದ್ದು ಬರಲಿಲ್ಲ. ಯಾವ ಸದ್ದೂ ಬರಲಿಲ್ಲ. ರಸ್ತೆಯಲ್ಲಿ ಬಸ್ಸು ಹೋಯಿತು. ಕಣ್ಣು ತೆರೆದರೆ ಸಪನಾ ಹಳೆಯ ಜಾಯಿಂಟು ಕೈಯಲ್ಲಿ ಹಿಡಿದು ಗುಂಡನ್ನು ಅತ್ತಿತ್ತ ಆಡಿಸುತ್ತಿದ್ದಾಳೆ, ಎಷ್ಟ ಸವದೈತಿ ನೋಡಪಾ, ಮುಖ ಇದ್ದಲ್ಲಿ ಮುಖ ಇದೆ, ಆರ್ಮು ಕೂದಲೆಳೆಯಷ್ಟೂ ಇಳಿದಿಲ್ಲ, ಗಾಳಿಯಲ್ಲಿ ನಿಂತಿದೆ, ಕೆಳಗೆ ಬಯಲು, ಇದು ಹೇಗೆ ಸಾಧ್ಯ, ನಲವತ್ತು ವರ್ಷ ಮಾಡಿದ ಕೆಲಸ ಇದು, ಸ್ಪ್ರಿಂಗು ಯಾರ ಮಾತಿಗೂ ಕಾಯುವುದಿಲ್ಲ. ನನ್ನ ಕಣ್ಣಿನಿಂದ ನೀರು ಇಳಿಯುತ್ತಿತ್ತಂತೆ, ಸುಂದ್ರವ್ವ ಬಂದು ಸೆರಗಿನಿಂದ ಒರೆಸಿದಳು, ಚಹಾಕ್ಕ ಯಾರರೆ ಅಳ್ತಾರೇನ್ರಿ ಅನ್ನುತ್ತ ನನ್ನ ಗದ್ದ ಹಿಡಿದು ಮುಖವನ್ನು ಬಲಗಡೆ ತಿರುಗಿಸಿ ಚಹಾದ ಕಪ್ಪನ್ನು ತುಟಿಗಿಟ್ಟಳು, ಆಗ ನೆಲದಿಂದ ಎದ್ದು ಬಂದಂತೆ ಜಾಕ್ ಬಂತು. ನನ್ನದೇ ಜಾಕ್, ಕೆಂಪು ಬಣ್ಣದ್ದು, ಆರ್ಮಿನ ಕೆಳಗೆ, ಇಡಬೇಕಾದ ಜಾಗದಲ್ಲೇ, ಮೇಲೊಂದು ಮರದ ತುಂಡು ಕೂಡ ಕೊಟ್ಟಿದ್ದಾಳೆ. ಸಪನಾ ನನ್ನ ನೋಟ ಹಿಡಿದಳು. ಜಾಕ್ ನೋಡಾಕತ್ತಿಯೇನ, ಎಲ್ಲಾಕ್ಕಿಂತ ಮೊದಲ ಇಟ್ಟೀನಪಾ, ರೂಪ್ಯಾಗ ನೀ ಬೈತಿದ್ದೆಲ್ಲ, ಜಾಕ್ ಇಡದ ನಟ್ಟ ಮುಟ್ಟಿದ್ರ ಕೈ ಮುರಿತೀನಿ ಅಂತ, ಬುತ್ತಿ ತಂದಾಗೆಲ್ಲ ಬಾಗಲದಾಗ ನಿಂತ ನಾನೂ ಕೇಳ್ತಿದ್ನಿ. ಬುತ್ತಿ ಇಟ್ಟು ಮನೆಗೆ ಹೋಗು, ಇಲ್ಲಿ ಹುಡುಗಿಯರದೇನು ಕೆಲಸ ಅನ್ನುತ್ತಿದ್ದೆ ನಾನು, ಅದನ್ನೂ ಕೇಳಿರಬೇಕು, ಅದನ್ನು ಹೇಳಲಿಲ್ಲ. ಶಹಬ್ಬಾಸ್ ಮಗಳೇ. ಚಹಾ ಅಂದೆ. ಸುಂದ್ರವ್ವ ಇನ್ನೊಂದು ಗುಟುಕು ಕೊಟ್ಟಳು.

ಬೆಳಗಾವಿಯ ಡಾಕ್ಟರು ನನ್ನ ಕಣ್ಣಿನ ಮುಂದೆ ಬೆರಳಾಡಿಸಿ ಸುಂದ್ರವ್ವನಿಗೆ ಏನೋ ಅಂದಿದ್ದರು, ಬಲಗಡೆ ನೋಟಾನೂ ಹೋಗೈತ್ರಿ, ಅವರಿಗೆ ಗೊತ್ತಾಗೂದಿಲ್ಲ, ಯಾವುದೋ ಬೇರೆ ರೋಗಿಯ ಮಾತೆಂದುಕೊಂಡೆ, ನನಗೆ ಎಲ್ಲ ಕಾಣುತ್ತದಲ್ಲ. ಊಟದ ನಡುವೆ ಇವಳು ತಾಟನ್ನು ಅರ್ಧ ಸುತ್ತು ತಿರುಗಿಸುತ್ತಾಳೆ, ಖಾಲಿಯಾದ ತಾಟಿನಲ್ಲಿ ರೊಟ್ಟಿ ಬರುತ್ತದೆ, ಬಡಿಸಿದಳೆಂದುಕೊಳ್ಳುತ್ತಿದ್ದೆ. ಹಾಗಾದರೆ ನಾನು ಇಷ್ಟು ಹೊತ್ತು ಕಂಡದ್ದು ಯಾವ ಆರ್ಮು, ಯಾವ ಬಯಲು, ನೆನಪಿನಲ್ಲಿದ್ದ ಕಾರನ್ನೇ ನೋಡಿದೆನೆ, ನೆನಪಿನಲ್ಲಿ ಜಾಕ್ ಇರಲಿಲ್ಲ. ಸುಂದ್ರವ್ವ ಗದ್ದ ಬಿಟ್ಟಳು, ಕತ್ತು ಮೊದಲಿನ ಜಾಗಕ್ಕೆ ವಾಲಿತು, ಅವಳು ಕಪ್ಪು ತೆಗೆದುಕೊಂಡು ಒಳಗೆ ಹೋದಳು. ಸಪನಾ ಹೊಸ ಜಾಯಿಂಟು ಕೂರಿಸಿ, ನಟ್ಟು ಬಿಗಿದು, ಪಿನ್ನು ಹಾಕಿ, ಗಾಲಿ ಏರಿಸಿ ಎದ್ದಳು, ಇನ್ನ ಆ ಕಡೆ ಗಾಲಿ ಅಪ್ಪಾ, ಅದನ್ನೂ ಮುಗಸ್ತೀನಿ, ನೀ ಇಲ್ಲೇ ಕುಂತ ನೋಡ್ತಿರ — ಪಾನಾ, ಸುತ್ತಿಗೆ, ಜಾಕ್ ಎತ್ತಿಕೊಂಡು ನನ್ನ ಮುಂದೆಯೇ ಬಲಗಡೆಗೆ ಒಂದು ಹೆಜ್ಜೆ, ಇನ್ನೊಂದು, ಮೂರನೆಯದಕ್ಕೆ ಇಲ್ಲ. ಸಪನಾ. ಕತ್ತು ತಿರುಗು, ತಿರುಗುವುದಿಲ್ಲ. ಕಾಂಟೆಸ್ಸಾ ಇಡಿಯಾಗಿ ಕಾಣುತ್ತಿದೆ, ಎರಡು ದೀಪ, ಎರಡು ಗಾಲಿ, ಪಕ್ಕದಲ್ಲಿ ಯಾರೂ ಇಲ್ಲ, ಗಾಲಿ ಬಿಚ್ಚಿ ಉರುಳಿಸಿದ ಸದ್ದು ಬಂತು, ಗಾಲಿ ಇದ್ದಲ್ಲೇ ಇದೆ. ಜಾಕ್ ಇಟ್ಟೆಯಾ. ಚಹಾ. ಇಟ್ಟಿರುತ್ತಾಳೆ, ಅವಳು ಇಡದೆ ಬಿಡುವವಳಲ್ಲ, ಇಟ್ಟಿರುತ್ತಾಳೆ — ಟಕ್ — ಆರ್ಮಿನ ಕೆಳಗೆ ಬಯಲು — ಟಕ್ — ಬಯಲು —