ಗುರುವಾರದ ಜೀಪು

ದಾಸನ ಹೆಸರಿನ ಮುಂದೆ ಏನು ಬರೆಯಲಿ ಎಂದು ಆರೋಗ್ಯ ಕಾರ್ಯಕರ್ತೆ ಸುಚಿತಾ ಎರಡನೇ ಸಲ ಕೇಳಿದಾಗ ದಿನೇಶ ಕಂಪ್ಯೂಟರಿನಿಂದ ಕಣ್ಣು ತೆಗೆಯದೆ, "ಊರಲ್ಲಿಲ್ಲ, ಮಲ್ಪೆ ಬೋಟಿಗೆ ಹೋಗಿದ್ದಾರೆ ಅಂತ ಬರೀರಿ" ಅಂದ.

ದಾಸ ಊರಲ್ಲೇ ಇದ್ದ. ಮಂಕಿಯ ಕಡಲದಂಡೆಯ ಮನೆಯಲ್ಲಿ ಜಗಲಿ ಕಂಬಕ್ಕೆ ಬಲೆ ಕಟ್ಟಿಕೊಂಡು ಹರಿದದ್ದನ್ನು ಹೆಣೆಯುತ್ತಿದ್ದ. ಆ ಬೆಳಿಗ್ಗೆಯಷ್ಟೇ ಸುಚಿತಾ ಅವನ ರಕ್ತ ತೆಗೆದು ಬಂದಿದ್ದಳು. ಎರಡು ವರ್ಷದಿಂದ ಇನ್ಸುಲಿನ್ ಚುಚ್ಚಿಕೊಂಡರೂ ಅವನ ಸಕ್ಕರೆ ಇಳಿದಿರಲಿಲ್ಲ. ಅವನಂಥವರು ಸಕ್ಕರೆ ಕಾಯಿಲೆಯ ಈ ಯೋಜನೆಯಲ್ಲಿ ಹನ್ನೊಂದು ಜನ.

ಮೇಲ್ವಿಚಾರಕ ದಿನೇಶ ಕೆಟ್ಟವನೇನಲ್ಲ. ಅನುದಾನ ಕೊಡುವ ಸಂಸ್ಥೆಗೆ ತಿಂಗಳ ಕೊನೆಯಲ್ಲಿ ವರದಿ ಹೋಗಬೇಕಿತ್ತು. ಎಲ್ಲರ ಸಕ್ಕರೆಯ ಸರಾಸರಿ ಇಳಿದದ್ದು ಕಾಣದಿದ್ದರೆ ಮುಂದಿನ ಮೂರು ವರ್ಷದ ಅನುದಾನ ಇಲ್ಲ. ಊರಲ್ಲಿಲ್ಲ ಎಂದು ಬರೆದವರ ಹೆಸರು ಪಟ್ಟಿಯಿಂದ ಹೋಗುತ್ತಿತ್ತು, ಅವರ ಸಕ್ಕರೆ ಸರಾಸರಿಗೆ ಸೇರುತ್ತಿರಲಿಲ್ಲ. ಹನ್ನೊಂದು ಜನರಿಗಾಗಿ ಉಳಿದ ನಾನೂರು ಜನರನ್ನು ಕೈಬಿಡುವುದೇ ಎಂದು ಅವನು ಕೇಳಿದ. ಎರಡು ತಿಂಗಳ ಮಾತು, ಮಂಜೂರಾತಿ ಬಂದ ಕೂಡಲೇ ಹೆಸರು ಮತ್ತೆ ಸೇರಿಸಿದರಾಯಿತು ಎಂದ.

ಯೋಜನೆ ಬರುವ ಮೊದಲು ಹೇಗಿತ್ತೆಂದು ಸುಚಿತಾಳಿಗೆ ಗೊತ್ತಿತ್ತು. ಮಾತ್ರೆ ಒಂದು ಕಡೆ, ಕಾಲಿನ ಗಾಯಕ್ಕೆ ಹೊನ್ನಾವರ, ಕಣ್ಣಿಗೆ ಕುಮಟಾ. ಒಬ್ಬ ಡಾಕ್ಟರು ಬರೆದದ್ದು ಇನ್ನೊಬ್ಬರಿಗೆ ತಿಳಿಯುತ್ತಿರಲಿಲ್ಲ. ಅವಳ ತಾಯಿ ಹಾಗೆ ಚೀಟಿ ಹಿಡಿದು ಅಲೆಯುತ್ತಲೇ ಎರಡೂ ಕಣ್ಣು ಕಳೆದುಕೊಂಡಿದ್ದಳು. ಈಗ ಪ್ರತಿಯೊಬ್ಬರಿಗೂ ಒಂದೊಂದು ಪುಸ್ತಕ, ಎಲ್ಲ ಡಾಕ್ಟರೂ ಅದರಲ್ಲೇ ಬರೆಯುತ್ತಿದ್ದರು. ಗುರುವಾರ ಗುರುವಾರ ಜೀಪು ಬಂದು ಪಟ್ಟಿಯಲ್ಲಿದ್ದವರನ್ನು ಹೊನ್ನಾವರಕ್ಕೋ ಕುಮಟಾಕ್ಕೋ ಕರೆದೊಯ್ಯುತ್ತಿತ್ತು. ಇದು ನಿಂತರೆ ಎಂದು ನೆನೆದುಕೊಂಡೇ ಸುಚಿತಾ, ದಿನೇಶ ಹೇಳಿದಂತೆ ಬರೆದಳು.

ಊರಲ್ಲಿಲ್ಲದವನ ಮನೆಗೆ ಹೋದರೆ ಅವಳ ಟ್ಯಾಬು ಜಾಗ ಸಮೇತ ದಾಖಲಿಸುತ್ತಿತ್ತು. ಅದಕ್ಕೆ ಅದನ್ನು ಮನೆಯಲ್ಲಿಟ್ಟು ಭಾನುವಾರ ಹೋಗಿ ಬರುವುದೆಂದು ಮಾಡಿದಳು. ಮೊದಲ ಭಾನುವಾರ ಹೋದಳು, ದಾಸನ ಕಾಲು ನೋಡಿದಳು, ಏನೂ ಇರಲಿಲ್ಲ. ಎರಡನೇ ಭಾನುವಾರ ಹಿರೇಗುತ್ತಿಯಲ್ಲಿ ನಂಟರ ಮದುವೆ. ಆಮೇಲೆ, ನಿಜ ಹೇಳಬೇಕೆಂದರೆ, ಟ್ಯಾಬಿಲ್ಲದೆ ಯಾಕೆ ಬಂದೆ ಎಂದು ದಾಸನ ಮನೆಯವರು ಕೇಳಿಯಾರು ಎಂಬ ಅಂಜಿಕೆಯೇ ಅವಳನ್ನು ತಡೆಯಿತು.

ಎರಡು ತಿಂಗಳಿಗೆ ಸಂಸ್ಥೆಯ ಪತ್ರ ಬಂತು. ದಿನೇಶ ಅದನ್ನು ಗಟ್ಟಿಯಾಗಿ ಓದತೊಡಗಿ ಅರ್ಧಕ್ಕೇ ದನಿ ಇಳಿಸಿದ. ಈ ಭಾಗದ ರೋಗಿಗಳ ಸಕ್ಕರೆ ಗಮನಾರ್ಹವಾಗಿ ಇಳಿದಿದೆ ಎಂದು ಅಭಿನಂದಿಸಿದ್ದರು. ಹಾಗಾಗಿ ಮುಂದಿನ ಅನುದಾನವನ್ನು ಇದಕ್ಕಿಂತ ಹೆಚ್ಚು ಅಗತ್ಯವಿರುವ ಜಿಲ್ಲೆಗೆ ಕೊಡಲು ತೀರ್ಮಾನಿಸಿದ್ದರು. ದಿನೇಶ ಪತ್ರವನ್ನು ಮಡಿಚಿ, ಬಿಡಿಸಿ, ಮತ್ತೆ ಮಡಿಚಿದ. ತಿಂಗಳೊಳಗೆ ಮನೆಮನೆಗೆ ಕೊಟ್ಟ ಶುಗರ್ ಮಿಷನ್‌ಗಳನ್ನು ವಾಪಸು ತರಬೇಕೆಂದು ಹೇಳುವಾಗ ಅವನು ಸುಚಿತಾಳ ಮುಖ ನೋಡಲಿಲ್ಲ.

ದಾಸನ ಮನೆಯನ್ನು ಅವಳು ಕೊನೆಗೆ ಇಟ್ಟುಕೊಂಡಳು. ಅವನ ಹೆಂಡತಿ ಗಂಗೆ ಅಂಗಳದಲ್ಲಿ ಒಣಮೀನು ಮಗುಚುತ್ತಿದ್ದವಳು ಎದ್ದು, "ಬಾ ತಂಗಿ, ನಿಂಗೇ ಆರಾಮಿಲ್ಲ ಅಂತ ಮಾಡಿದ್ದೆ" ಅಂದಳು. ಬಾಗಿಲಾಚೆ ಮಂಚದ ಮೇಲೆ ದಾಸ ಕೂತಿದ್ದ. ಅವನ ಎಡಗಾಲು ಮೊಣಕಾಲಿನ ಕೆಳಗೆ ಬಟ್ಟೆಯ ಸುತ್ತಿನಲ್ಲಿ ಮುಗಿದಿತ್ತು.

ಸುಚಿತಾ ಮೆಟ್ಟಿಲ ಮೇಲೇ ಕೂತುಬಿಟ್ಟಳು. ಗಂಗೆ ಎಲ್ಲವನ್ನೂ ಸಿಟ್ಟಿಲ್ಲದೆ ಹೇಳಿದಳು. ಕಾಲಿಗೆ ಚಿಪ್ಪು ತಾಗಿ ಕೊಯ್ದದ್ದು ಅವನಿಗೆ ಗೊತ್ತೇ ಆಗಿರಲಿಲ್ಲ. ಒಲೆಯ ಹತ್ತಿರ ನೆಲದ ಮೇಲೆ ರಕ್ತದ ಹೆಜ್ಜೆ ಕಂಡದ್ದು ಅವಳಿಗೆ. ಗುರುವಾರ ಇಬ್ಬರೂ ಹೆದ್ದಾರಿಗೆ ಬಂದು ಜೀಪಿಗೆ ಕಾದರು. ಡ್ರೈವರ್ ಲೋಕೇಶ ಪಟ್ಟಿಯ ಮೇಲೆ ಮೂರು ಸಲ ಬೆರಳಾಡಿಸಿ ಹೆಸರಿಲ್ಲ ಎಂದ, ಬರುವ ವಾರ ಇದ್ದೀತು ಎಂದ. ಬರುವ ವಾರವೂ ಕಾದರು. ಮೂರನೇ ಗುರುವಾರ ದಾಸನಿಗೆ ನಿಲ್ಲಲಾಗಲಿಲ್ಲ, ಮೈ ಸುಡುತ್ತಿತ್ತು. ರಿಕ್ಷಾದಲ್ಲಿ ಹೊನ್ನಾವರಕ್ಕೆ ಒಯ್ದರೆ ಅಲ್ಲಿಂದ ಉಡುಪಿ ಕಡೆ ಕಳಿಸಿದರು. ಅಲ್ಲಿ ಕಾಲು ತೆಗೆದರು.

"ನಾವು ಎಂತ ತಪ್ಪು ಮಾಡಿದ್ವೋ, ಹೆಸ್ರೇ ಇರ್ಲಿಲ್ಲ" ಅಂದಳು ಗಂಗೆ.

"ಗಂಗಕ್ಕ, ಹೆಸ್ರು ತೆಗ್ದದ್ದು ನಾನು. ಊರಲ್ಲಿಲ್ಲ ಅಂತ ಬರ್ದೆ."

ಕಾಗೆಯೊಂದು ಇಳಿದು ಒಣಮೀನಿಗೆ ಬಾಯಿ ಹಾಕಿತು. ಗಂಗೆ ಅದನ್ನು ಓಡಿಸಲಿಲ್ಲ. ಲೆಕ್ಕ ತಪ್ಪಿದವರಿಗೆ ತಿದ್ದಿ ಹೇಳುವಂತೆ, "ಇಲ್ಲೇ ಇದ್ರಲ್ಲ, ತಂಗಿ" ಅಂದಳು.

ಆಮೇಲೆ ಒಳಗೆ ಹೋಗಿ ಮಿಷನ್ ತಂದು, ಸೆರಗಿನಿಂದ ಒರೆಸಿ ಸುಚಿತಾಳ ಕೈಗೆ ಕೊಟ್ಟು, ಮೀನಿನ ಕಡೆ ತಿರುಗಿದಳು. ಸುಚಿತಾಳಿಗೆ ಅಳಬೇಕೆನಿಸಿತು. ಆ ಮನೆಯಲ್ಲಿ ಅಳುವುದಕ್ಕೂ ತನಗೆ ಹಕ್ಕಿಲ್ಲ ಎನಿಸಿ ಎದ್ದಳು.

"ಬಂದದ್ದಾತು, ಈ ಕಾಲೊಂದು ನೋಡಿ ಹೋಗು" ಅಂದ ದಾಸ, ಒಳಗಿಂದ.

ಅವನು ಎಲ್ಲ ಕೇಳಿಸಿಕೊಂಡಿದ್ದನೋ ಇಲ್ಲವೋ ಅವಳಿಗೆ ತಿಳಿಯಲಿಲ್ಲ. ಮಂಚದ ಬಳಿ ಕೂತು ಅವನ ಬಲಪಾದವನ್ನು ತೊಡೆಯ ಮೇಲೆ ಇಟ್ಟುಕೊಂಡಳು. ಅಂಗಾಲಿನ ಸ್ಪರ್ಶ ಪರೀಕ್ಷಿಸುವ ನೈಲಾನ್ ಎಳೆಯನ್ನು ಬ್ಯಾಗಿನಿಂದ ತೆಗೆದು, ಕಣ್ಣು ಮುಚ್ಚಿಕೊಂಡು, ತಾಗಿದ ಕೂಡಲೇ ಹೇಳಬೇಕು ಎಂದಳು. ದಾಸ ಕಣ್ಣು ಮುಚ್ಚಿದ.

ಹೆಬ್ಬೆರಳಿಗೆ ಇಟ್ಟಳು. ಅಂಗಾಲಿನ ನಡುವೆ ಇಟ್ಟಳು. ಹಿಮ್ಮಡಿಯ ಮೇಲಿಟ್ಟು, ಎಳೆ ಬಾಗುವವರೆಗೂ ಒತ್ತಿದಳು.

"ಇನ್ನೂ ಮುಟ್ಲಿಲ್ವ?" ದಾಸ ಮುಚ್ಚಿದ ಕಣ್ಣಿನಲ್ಲೇ ಕೇಳಿದ.

"ಇಲ್ಲ ದಾಸಣ್ಣ, ಈಗ ಮುಟ್ತೆ" ಎಂದು ಸುಚಿತಾ ಎಳೆಯನ್ನು ಇನ್ನಷ್ಟು ಒತ್ತಿದಳು.