ಕೌದಿಗೆ ತಿಳಿದ ಉಸಿರು

ನಾನೊಂದು ಕೌದಿ. ಗದಗಿನ ನೀಲವ್ವಜ್ಜಿ ತನ್ನ ಹಳೆಯ ಸೀರೆಗಳನ್ನು ಪದರಪದರವಾಗಿ ಹಾಸಿ, ಬೇಸಿಗೆಯಿಡೀ ಪಡಸಾಲೆಯಲ್ಲಿ ಕುಳಿತು ನನ್ನನ್ನು ಹೊಲಿದಳು. ಮೊಮ್ಮಗಳು ಸುವರ್ಣಾ ನನ್ನ ಮೇಲೆಯೇ ಅಂಬೆಗಾಲಿಟ್ಟಳು. ಅವಳು ಶಾಲೆಗೆ ಹೋಗುವಷ್ಟರಲ್ಲಿ ನಾನು ಅಲ್ಲಲ್ಲಿ ಹರಿದಿದ್ದೆ. ಅವಳ ಅಪ್ಪ ಶಿವಪುತ್ರಪ್ಪ ನನ್ನನ್ನು ಮಡಚಿ ಬಾಗಿಲ ಬಳಿ ಹಾಸಿ, ನಾಯಿಮರಿ ಮೋತಿಗೆ ಕೊಟ್ಟ.

ಎಂಥ ದಿನಗಳವು! ಓಣಿಯೆಲ್ಲ ಸುತ್ತಿ ಬಂದ ಮೋತಿ ನನ್ನ ಮೇಲೆ ಧೊಪ್ಪನೆ ಬಿದ್ದು, ಪಕ್ಕಕ್ಕೆ ಹೊರಳಿ, ಕಾಲು ಚಾಚಿ ಗೊರಕೆ ಹೊಡೆಯುತ್ತಿದ್ದ. ಅವನ ಮೈಯಿಂದ ಬಿಸಿಲಿನ ವಾಸನೆ ಬರುತ್ತಿತ್ತು.

ಸುವರ್ಣಾ ಕಾಲೇಜು ಸೇರಿದ ವರ್ಷ ಮೋತಿಗೆ ಒಣಕೆಮ್ಮು ಹತ್ತಿತು. ಗಂಟಲಲ್ಲಿ ಎಲುಬು ಸಿಕ್ಕಿರಬೇಕೆಂದರು ಮನೆಯವರು. ನಾಲ್ಕು ಹೆಜ್ಜೆ ನಡೆದರೆ ಕುಳಿತುಬಿಡುತ್ತಿದ್ದ. ಹೊಟ್ಟೆ ದುಂಡಗಾದಾಗ ನೆರೆಯವರು ಮೈ ತುಂಬಿಕೊಂಡಿದ್ದಾನೆಂದು ಹೊಗಳಿದರು. ಅವನ ಮೈ ಸೊರಗಿ ಬೆನ್ನು, ಪಕ್ಕೆಯ ಎಲುಬು ಚುಚ್ಚುತ್ತಿದ್ದದ್ದು ನನಗೆ ಮಾತ್ರ ಗೊತ್ತು. ಈಗ ಅವನು ಮಲಗುತ್ತಲೇ ಇರಲಿಲ್ಲ. ಮುಂಗಾಲು ಅಗಲಿಸಿ, ಕತ್ತು ಚಾಚಿ, ಕುಳಿತೇ ತೂಕಡಿಸುತ್ತಿದ್ದ.

"ವಯಸ್ಸಾತು ಬಿಡವ್ವಾ," ಅಂದ ಶಿವಪುತ್ರಪ್ಪ ಮಗಳಿಗೆ.

ಒಂದು ಹಬ್ಬದ ಮಧ್ಯಾಹ್ನ ಮೋತಿ ಹೋಳಿಗೆಗೂ ಮುಖ ತಿರುಗಿಸಿದ. ಸುವರ್ಣಾ ಪಕ್ಕದಲ್ಲಿ ಕುಳಿತು ಅವನ ಪಕ್ಕೆಯ ಮೇಲೆ ಕೈಯಿಟ್ಟಳು. ಸುಮ್ಮನೆ ಕುಳಿತವನ ಉಸಿರು ಕಮ್ಮಾರ ತಿದಿಯೊತ್ತಿದಂತೆ ಓಡುತ್ತಿತ್ತು. ಅಪ್ಪನನ್ನು ಎಬ್ಬಿಸಿ, ಮೋತಿಯನ್ನು ನನ್ನ ಸಮೇತ ಆಟೊ ಹತ್ತಿಸಿದಳು.

ದನದ ದವಾಖಾನೆಯ ಡಾಕ್ಟರ್ ಹಸೀನಾ ಮೋತಿಯ ತುಟಿ ಎತ್ತಿ ನೋಡಿದರು. ಒಸಡು ಬಿಳಿಚಿ ನೀಲಿಗಟ್ಟಿತ್ತು. ಎದೆಗೆ ಕೊಳವೆಯಿಟ್ಟು ಬಹಳ ಹೊತ್ತು ಆಲಿಸಿದರು.

"ಇದು ಬೊಜ್ಜಲ್ಲ ತಂಗಿ, ಹೊಟ್ಟ್ಯಾಗ ನೀರು ನಿಂತೈತಿ. ಹಾರ್ಟು ಸೋತೈತಿ."

ಶಿವಪುತ್ರಪ್ಪನ ಕೈ ನನ್ನ ಅಂಚನ್ನು ಹಿಂಡಿತು. "ಉಳೀತಾನೇನ್ರಿ?"

"ಪೂರಾ ಆರಾಮಾಗೂದಿಲ್ರಿ. ಆದ್ರ ಇರೋತನಕ ಸುಖದಿಂದ ಇರ್ತಾನ."

ನೀರಿಳಿಸುವ ಮಾತ್ರೆ ಶುರುವಾಯಿತು. ನಿದ್ದೆಯಲ್ಲಿನ ಉಸಿರು ಎಣಿಸುವುದನ್ನೂ, ಅದು ಹೆಚ್ಚಿದರೆ ಕೂಡಲೇ ಬರಬೇಕೆಂಬುದನ್ನೂ ಡಾಕ್ಟರು ಹೇಳಿಕೊಟ್ಟರು. ಮಾತ್ರೆಯಿಂದ ಉಚ್ಚೆ ತಡೆಯಲಾಗದೆ ಮೋತಿ ನನ್ನನ್ನು ದಿನಾ ಒದ್ದೆ ಮಾಡಿದ, ಸುವರ್ಣಾ ದಿನಾ ಒಗೆದಳು. ಆಮೇಲೊಂದು ಸಂಜೆ ಅವನು ಮತ್ತೆ ಪಕ್ಕಕ್ಕೆ ಹೊರಳಿ, ಕಾಲು ಚಾಚಿ ಮಲಗಿದ. ಶಿವಪುತ್ರಪ್ಪ ಚಹಾ ಆರುವವರೆಗೂ ಅವನನ್ನೇ ನೋಡುತ್ತ ನಿಂತ.

ಮುಂದಿನ ದೀಪಾವಳಿ ಕಳೆದ ಮೇಲೆ ಮೋತಿ ನನ್ನ ಮೇಲೆಯೇ ಕಣ್ಣು ಮುಚ್ಚಿದ.

ಈಗ ನಾನು ಚಿಂದಿ. ಹಿತ್ತಿಲ ಕಿಟಕಿಯ ಕಟ್ಟೆ ನನ್ನ ಜಾಗ, ಬೆಕ್ಕೊಂದು ನನ್ನ ಒಡೆಯ. ಹಾರ್ಟು ಸೋತರೂ ಬೆಕ್ಕುಗಳು ಕೆಮ್ಮುವುದು ಅಪರೂಪ, ಮೂಲೆ ಸೇರಿ ಬೇನೆ ಬಚ್ಚಿಡುತ್ತವೆ, ಬಾಯಿ ತೆರೆದು ಉಸಿರಾಡಿದರೆ ತಡಮಾಡಬಾರದು ಎಂದು ಡಾಕ್ಟರು ಹೇಳಿದ್ದಾರಂತೆ. ಶಿವಪುತ್ರಪ್ಪ ದಿನವೂ ಕನ್ನಡಕ ಏರಿಸಿ ಬಂದು ಬಗ್ಗುತ್ತಾನೆ, ಮಲಗಿದ ಬೆಕ್ಕಿನ ಪಕ್ಕೆಯನ್ನೇ ನೋಡುತ್ತಾನೆ. ಅದು ನಿಧಾನವಾಗಿ ಏರಿಳಿಯುವುದನ್ನು ಕಂಡು, ಸದ್ದಾಗದಂತೆ ಹಿಂದೆ ಸರಿಯುತ್ತಾನೆ.